ಹೆಗ್ಗೋಡಿನ ನೀನಾಸಮ್: ಒಂದು ಹಳ್ಳಿಯ ನಾಟಕ ಸಂಘ
(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾಟಕದ ಕಂಪನಿ ಎಂದೊಡನೆ ನಮ್ಮ ಹಿರಿಯರ ಬಾಯಲ್ಲಿ ಬರುವುದು ಗುಬ್ಬಿ ಕಂಪನಿಯ ಹೆಸರು. 1884ರಲ್ಲಿ ಹುಟ್ಟಿದ ಆ ಕಂಪನಿ ವೀರಣ್ಣನವರ ಕಾಲದಲ್ಲಿ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ‘ಕುರುಕ್ಷೇತ್ರ’ ಆಡಿದ್ದನ್ನು ನಾವೆಲ್ಲ ಕೇಳಿ ಬಲ್ಲೆವು. ಆದರೆ ಇಂದು ನಾವು ಆ ವೈಭವದ ಮಾತನ್ನು ಆಡುವುದಿಲ್ಲ. ಬಾರಾನಗರದಂಥ ಕಡೆ ಅಲ್ಲೊಂದು ಇಲ್ಲೊಂದು ಮನೆಯಾಗಿ ಚದುರಿರುವ ನಮಗೆ ಅದರಿಂದ ಹೆಮ್ಮೆ ಬಂದೀತು, ದಾರಿ ಕಾಣಿಸದು. ಚಿಕ್ಕ ಊರಿನ ಚಿಕ್ಕ ಸಂಘವೊಂದು ಎಪ್ಪತ್ತೈದು ವರ್ಷಗಳನ್ನು ದಾಟಿ ಬಂದ ಬಗೆಯನ್ನು ತಿಳಿದರೆ ನಮಗೆ ಹೆಚ್ಚು ಪ್ರಯೋಜನ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಹೆಗ್ಗೋಡು ಎಂಬ ಹಳ್ಳಿಯಿದೆ. ಮಲೆನಾಡಿನ ಮಳೆ, ಅಡಕೆಯ ತೋಟ, ದೂರ ದೂರದ ಮನೆಗಳು. 1949ರಲ್ಲಿ ಅಲ್ಲಿಯ ತೋಟಿಗರು ಕೂಡಿ ‘ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ’ವನ್ನು ಕಟ್ಟಿದರು. ಆ ಉದ್ದ ಹೆಸರಿನ ಮೊದಲಕ್ಷರಗಳೇ ಕೂಡಿ ‘ನೀನಾಸಮ್’ ಆಯಿತು. ಹಗಲು ತೋಟದ ಕೆಲಸ, ಬಿಡುವಾದಾಗ ನಾಟಕ. ಅವರಲ್ಲಿ ಯಾರೂ ನಾಟಕದಿಂದ ಹೊಟ್ಟೆ ಹೊರೆಯಲು ಹೊರಟವರಲ್ಲ.

ಈ ಸಂಘಕ್ಕೆ ಬೆನ್ನೆಲುಬಾದವರು ಕೆ. ವಿ. ಸುಬ್ಬಣ್ಣನವರು. 1932ರಲ್ಲಿ ಹುಟ್ಟಿದ ಅವರು ಮೈಸೂರಿನಲ್ಲಿ ಕುವೆಂಪು ಅವರ ವಿದ್ಯಾರ್ಥಿಯಾಗಿ ಓದಿದರು. ಓದಿದವನು ಪಟ್ಟಣ ಸೇರುವುದು ಲೋಕರೂಢಿ. ನಾವು ಇಲ್ಲಿ ಕೂಡಿರುವುದೂ ಆ ರೂಢಿಯಿಂದಲೇ. ಅದರಲ್ಲಿ ತಪ್ಪೇನೂ ಇಲ್ಲ. ಸುಬ್ಬಣ್ಣನವರು ಮಾತ್ರ ಊರಿಗೆ ಮರಳಿ ಅಡಕೆಯ ತೋಟ ನೋಡಿಕೊಂಡರು. ನಾಟಕದ ಜತೆಗೆ ಅಕ್ಷರ ಪ್ರಕಾಶನವನ್ನು ತೆರೆದು ಒಳ್ಳೆಯ ಕನ್ನಡ ಪುಸ್ತಕಗಳನ್ನು ಅಚ್ಚು ಹಾಕಿದರು. ನಾಟಕ ನೋಡುವವನು ಓದುಗನೂ ಆಗಬೇಕೆಂಬುದು ಅವರ ಹಂಬಲ. 1972ರಲ್ಲಿ ಊರಿನಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. ಮರುವರ್ಷ ಚಿತ್ರಸಮಾಜ ಹುಟ್ಟಿ, ಜಗತ್ತಿನ ಶ್ರೇಷ್ಠ ಚಲನಚಿತ್ರಗಳು ಅಡಕೆ ಸುಲಿಯುವ ಜನರ ಎದುರಿಗೆ ಬಂದವು. ಹಳ್ಳಿಯವರಿಗೆ ಇವೆಲ್ಲ ತಿಳಿದೀತೇ ಎಂದು ಪಟ್ಟಣದವರು ಕೇಳುವುದುಂಟು. ತಿಳಿಯುವುದಿಲ್ಲವೆಂದು ಮೊದಲೇ ತೀರ್ಮಾನಿಸುವವರ ಮಾತನ್ನು ಸುಬ್ಬಣ್ಣನವರು ಒಪ್ಪಲಿಲ್ಲ.

1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತುಬಂದ ಚಿದಂಬರರಾವ್ ಜಂಬೆಯವರು ಅಲ್ಲಿ ಬಹುಕಾಲ ಪ್ರಾಂಶುಪಾಲರಾಗಿದ್ದರು. ಕನ್ನಡ ಸಿನಿಮಾ ನೋಡುವ ನಮ್ಮ ಹುಡುಗರಿಗೆ ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಇವರ ಹೆಸರು ಗೊತ್ತು; ಇಬ್ಬರೂ ಅಲ್ಲಿ ಪಳಗಿದವರೇ. ಅದೇ ದಶಕದಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ‘ಜನಸ್ಪಂದನ’ ಎಂಬ ಯೋಜನೆ ನಡೆಯಿತು. ಸಂಘದವರು ಊರೂರಿಗೆ ಹೋಗಿ ಅಲ್ಲಿಯ ಜನರಿಂದಲೇ ನಾಟಕ ಆಡಿಸಿದರು. ಉತ್ತರ ಕನ್ನಡದ ಸಿದ್ದಿ ಜನರ ಪೂರ್ವಿಕರು ಆಫ್ರಿಕದಿಂದ ಬಂದವರು. ನೈಜೀರಿಯದ ಚಿನುವಾ ಅಚಿಬೆಯವರ ಕಾದಂಬರಿಯನ್ನು ನಾಟಕ ಮಾಡಿ ಅವರಿಂದಲೇ ಕನ್ನಡದಲ್ಲಿ ಆಡಿಸಿದ್ದನ್ನು ಈಗಲೂ ಜನ ನೆನೆಯುತ್ತಾರೆ.

ಹೊರಗಿನ ಹಣ ಎಂದಾದರೂ ಮುಗಿಯುತ್ತದೆ. ಆಮೇಲೇನು? ನಮ್ಮ ಸಂಘಗಳೆಲ್ಲ ಎಡವುವುದು ಇಲ್ಲಿಯೇ. ಹೆಗ್ಗೋಡಿನವರು 1985ರಲ್ಲಿ ‘ತಿರುಗಾಟ’ವನ್ನು ಹೊರಡಿಸಿದರು. ಯಕ್ಷಗಾನದ ಮೇಳಗಳು ವರ್ಷವರ್ಷವೂ ಊರೂರು ಸುತ್ತುವುದಕ್ಕೆ ಇರುವ ಹಳೆಯ ಮಾತು ಅದು. ಮಳೆ ಕಳೆದ ಮೇಲೆ ನಟರ ಒಂದು ಚಿಕ್ಕ ತಂಡ ಕೆಲವು ನಾಟಕಗಳನ್ನು ಕಟ್ಟಿಕೊಂಡು, ದೀಪ, ಉಡುಪು, ರಂಗಸಜ್ಜಿಕೆಗಳನ್ನು ತಾನೇ ಹೊತ್ತು ಕರ್ನಾಟಕವನ್ನು ಸುತ್ತುತ್ತದೆ. ಆಯಾ ಊರಿನ ಸಂಘದವರು ಜಾಗ ಗೊತ್ತುಮಾಡಿ, ಊಟ ವಸತಿ ನೋಡಿಕೊಂಡು, ಪ್ರೇಕ್ಷಕರನ್ನು ಕರೆತರುತ್ತಾರೆ. ಆಡುವವರಷ್ಟೇ ಆಡಿಸಿಕೊಳ್ಳುವವರ ಹೆಗಲೂ ಅದಕ್ಕೆ ಬೇಕು. ಆ ತಿರುಗಾಟ ಇಷ್ಟು ವರ್ಷ ಬಾಳಿದ ಗುಟ್ಟು ಇದೇ ಎಂದು ನಾವು ತಿಳಿದಿದ್ದೇವೆ.

ನಾವಿರುವ ಈ ಬಂಗಾಳಕ್ಕೂ ಆ ಹಳ್ಳಿಗೂ ಒಂದು ನಂಟಿದೆ. ಶಂಭು ಮಿತ್ರರು ಮತ್ತು ಸಂಗಡಿಗರು ಕಲಕತ್ತೆಯಲ್ಲಿ ‘ಬಹುರೂಪಿ’ಯನ್ನು ಕಟ್ಟಿದ್ದು 1948ರಲ್ಲಿ, ಹೆಗ್ಗೋಡಿಗಿಂತ ಒಂದೇ ವರ್ಷ ಮೊದಲು. ಶಂಭು ಮಿತ್ರರಿಗೆ 1976ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಸುಬ್ಬಣ್ಣನವರಿಗೆ 1991ರಲ್ಲಿ ಅದೇ ಪ್ರಶಸ್ತಿ. ಒಬ್ಬರು ಮಹಾನಗರದಲ್ಲಿ, ಒಬ್ಬರು ಬಸ್ಸು ಅಪರೂಪವಾಗಿದ್ದ ಹಳ್ಳಿಯಲ್ಲಿ. ಇಲ್ಲಿಯ ವಿಮರ್ಶಕ ಶಮಿಕ್ ಬಂದ್ಯೋಪಾಧ್ಯಾಯರು ಹೆಗ್ಗೋಡಿನ ಸಂಸ್ಕೃತಿ ಶಿಬಿರಕ್ಕೆ ಹೋಗಿ ಪಾಠ ಹೇಳಿದ್ದಾರೆ. ಬಾರಾನಗರದಿಂದ ಮೆಟ್ರೋ ಹತ್ತಿ ರವೀಂದ್ರ ಸದನದಲ್ಲಿ ಇಳಿದರೆ ನಾಟಕ ನಡೆಯುವ ಅಕಾಡೆಮಿ ಹತ್ತಿರದಲ್ಲೇ ಇದೆ. ಬಂಗಾಳಿ ನಾಟಕ ನೋಡುವುದರಿಂದ ನಮ್ಮ ಕನ್ನಡ ಕುಗ್ಗುವುದಿಲ್ಲ. ನಾಟಕ ನೋಡುವ ಕಣ್ಣು ಬೆಳೆಯುತ್ತದೆ.

ಸುಬ್ಬಣ್ಣನವರು 2005ರಲ್ಲಿ ತೀರಿಕೊಂಡರು. ಸಂಘ ನಿಲ್ಲಲಿಲ್ಲ, ಅವರ ಮಗ ಕೆ. ವಿ. ಅಕ್ಷರ ಮತ್ತು ಬಳಗದವರು ನಡೆಸಿಕೊಂಡು ಬಂದರು. ಕಟ್ಟಿದವರು ಹೋದ ಮೇಲೂ ಉಳಿಯುವುದು ಸಂಘಕ್ಕೆ ದೊಡ್ಡ ಪರೀಕ್ಷೆ. ಆ ಪರೀಕ್ಷೆ ಈಗ ನಮ್ಮೆದುರಿಗೂ ಇದೆ. ವಾಚನಾಲಯಕ್ಕೆ ಬರುವವರ ಪೈಕಿ ತಲೆ ನರೆತವರೇ ಹೆಚ್ಚು. ನಮ್ಮ ಮಕ್ಕಳು ಬೀದಿಯಲ್ಲಿ ಬಂಗಾಳಿ, ಶಾಲೆಯಲ್ಲಿ ಇಂಗ್ಲಿಷು ಆಡಿ, ಮನೆಯಲ್ಲಿ ಕನ್ನಡವನ್ನು ಕಿವಿಯಿಂದ ಮಾತ್ರ ಬಲ್ಲರು. ಅಕ್ಷರ ಬಾರದವರಿಗೆ ಕಾದಂಬರಿ ಮುಚ್ಚಿದ ಬಾಗಿಲು. ನಾಟಕ ಹಾಗಲ್ಲ, ಅದು ಕಿವಿಯ ಮೂಲಕವೇ ಒಳಗೆ ಬರುತ್ತದೆ.

ಆದ್ದರಿಂದ ನಮ್ಮ ಸೂಚನೆ ಇಷ್ಟೆ. ತಿಂಗಳಿಗೆ ಒಂದು ಭಾನುವಾರ ಸಂಜೆ ಇದೇ ಮೇಜಿನ ಸುತ್ತ ಕುಳಿತು ಒಂದು ಕನ್ನಡ ನಾಟಕವನ್ನು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದೋಣ. ಪರದೆ ಬೇಡ, ಬಣ್ಣ ಬೇಡ, ಚಂದಾ ಬೇಡ. ಓದಲು ಬಾರದ ಮಕ್ಕಳಿಗೆ ಎರಡು ಮಾತಿನ ಪಾತ್ರವನ್ನು ಬಾಯಿಪಾಠ ಮಾಡಿಸೋಣ. ಪಾಳಿಯ ಕೆಲಸ ಮುಗಿಸಿ ತಡವಾಗಿ ಬರುವವರಿಗೆ ಮೂರನೆಯ ಅಂಕದ ಪಾತ್ರ ಇಟ್ಟಿರೋಣ. ನಾಟಕದ ಪುಸ್ತಕವಿದ್ದವರು ದಯವಿಟ್ಟು ವಾಚನಾಲಯಕ್ಕೆ ತಂದುಕೊಡಬೇಕು; ಊರಿಗೆ ಹೋಗುವವರು ಒಂದೆರಡನ್ನು ಕೊಂಡುತರಬೇಕು.