ತಲೆಯ ಮೇಲೆ ಹೊತ್ತು ತಂದ ಪುಸ್ತಕ

(ಮೈಸೂರಿನ ಹೆಬ್ಬಾಳದಲ್ಲಿ ಓದುಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರೆಹರೂಪ)



'ಈಗ ಯಾವ ಪುಸ್ತಕ ಓದುತ್ತಿದ್ದೀರಿ?' ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದೇ ಇಂದಿನ ಸಭೆಯ ಉದ್ದೇಶ. ಮೇಲುನೋಟಕ್ಕೆ ಸುಲಭದ ಪ್ರಶ್ನೆ. ಆದರೂ ಉತ್ತರ ಹೇಳುವವರು ಕೊಂಚ ತಡವರಿಸುವುದುಂಟು. ಓದುತ್ತಿರುವುದನ್ನು ಹೇಳಿದರೆ ತಮ್ಮ ರುಚಿ ಎಂಥದೆಂಬುದು ಬಯಲಾಗುತ್ತದೆ. 'ನೀವೂ ಓದಿ' ಎಂದುಬಿಟ್ಟರೆ ಇನ್ನೊಬ್ಬರ ಹತ್ತು ಸಂಜೆಗಳಿಗೆ ಹೊಣೆಯಾಗಬೇಕಾಗುತ್ತದೆ. ಪುಸ್ತಕವನ್ನು ಶಿಫಾರಸು ಮಾಡುವುದು ಒಂದು ರೀತಿಯಲ್ಲಿ ಅದಕ್ಕೆ ಜಾಮೀನು ನಿಂತಂತೆ. ಕನ್ನಡದ ಓದು ಬೆಳೆದು ಬಂದದ್ದು ಇಂಥ ಜಾಮೀನುದಾರರಿಂದಲೇ. ಅಂಗಡಿ, ಜಾಹೀರಾತು, ಗ್ರಂಥಾಲಯ ಎಲ್ಲವೂ ಆಮೇಲೆ ಬಂದವು.

ಅಚ್ಚಿನ ಪುಸ್ತಕ ಮನೆಮನೆಗೆ ಬರುವ ಮೊದಲಿನ ಕಾಲವನ್ನೇ ತೆಗೆದುಕೊಳ್ಳಿ. ನೂರಕ್ಕೆ ಹತ್ತು ಮಂದಿಗೂ ಅಕ್ಷರ ಬಾರದಿದ್ದ ದಿನಗಳವು. ಊರಿನಲ್ಲಿ ಕುಮಾರವ್ಯಾಸನ ಭಾರತವನ್ನು ಓದಬಲ್ಲವರು ಒಬ್ಬಿಬ್ಬರು, ಕೇಳಿ ಬಲ್ಲವರು ಊರಿಗೆ ಊರೇ. ಸಂಜೆ ಜಗಲಿಯ ಮೇಲೋ ದೇವಸ್ಥಾನದಲ್ಲೋ ಒಬ್ಬರು ಪದ್ಯವನ್ನು ರಾಗವಾಗಿ ವಾಚಿಸುವರು, ಮತ್ತೊಬ್ಬರು ಅದರ ಅರ್ಥ ಬಿಡಿಸಿ ಹೇಳುವರು. ಇದೇ ಗಮಕ. ಮರುದಿನ ಹೊಲದಲ್ಲಿ, ಬಾವಿಕಟ್ಟೆಯಲ್ಲಿ ಹಿಂದಿನ ರಾತ್ರಿಯ ಪ್ರಸಂಗದ್ದೇ ಮಾತು. ಈಗ ಓದುತ್ತಿರುವುದನ್ನು ಹಂಚಿಕೊಳ್ಳುವುದು ಎಂದು ಇಂದು ಏನನ್ನು ಕರೆಯುತ್ತೇವೆಯೋ ಅದನ್ನು ಹಳ್ಳಿಗಳು ಹೆಸರಿಡದೆಯೇ ಮಾಡುತ್ತಿದ್ದವು. ಶಿವಮೊಗ್ಗದ ಬಳಿಯ ಹೊಸಹಳ್ಳಿಯಲ್ಲಿ ಈ ಕಲೆ ಉಳಿದುಬಂದಿದೆ; ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಕೇಳಿ ಬಲ್ಲವರ ಕೈಗೆ ಪುಸ್ತಕವನ್ನೇ ಕೊಡಬೇಕೆಂದು ರಾಜ್ಯ ಸರ್ಕಾರ 1958ರಲ್ಲಿ ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಕುಮಾರವ್ಯಾಸ ಭಾರತವನ್ನು ಅಗ್ಗದ ಬೆಲೆಗೆ ಹೊರತಂದಿತು. ಆ ದಪ್ಪ ಪುಸ್ತಕ ಇಂದಿಗೂ ಎಷ್ಟೋ ಹಳೆಯ ಮನೆಗಳ ಅಟ್ಟದಲ್ಲಿದೆ.

ಅಚ್ಚು ಬಂದ ಮೇಲೆ ಕಷ್ಟ ಬೇರೆಯಾಯಿತು. ಪುಸ್ತಕವಿದೆ, ಓದುಗನೆಲ್ಲಿ? ಈ ಪ್ರಶ್ನೆಯನ್ನು ಗಳಗನಾಥರಷ್ಟು ಕಾಲುನೋವಿನಿಂದ ಅರಿತವರು ವಿರಳ. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜನಾಮ. ಈಗಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ಅವರು ಶಾಲಾ ಮಾಸ್ತರರಾಗಿದ್ದರು. ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕರ್ನಾಟಕದಲ್ಲಿ ಮರಾಠಿಯದೇ ದರ್ಬಾರು. ಕಾದಂಬರಿ ಓದಬೇಕೆನ್ನುವ ಕನ್ನಡಿಗ ಹರಿ ನಾರಾಯಣ ಆಪಟೆಯವರ ಮರಾಠಿ ಪುಸ್ತಕವನ್ನೇ ಹಿಡಿಯುತ್ತಿದ್ದ. ಗಳಗನಾಥರು ಅದೇ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, 'ಮಾಧವ ಕರುಣಾವಿಲಾಸ'ದಂಥ ಸ್ವತಂತ್ರ ಕಾದಂಬರಿಗಳನ್ನೂ ಬರೆದರು. ಅಗಡಿಯಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ'ಯನ್ನು ನಡೆಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು, ಮನೆಯ ಬಾಗಿಲಲ್ಲಿ ನಿಂತು ಮಾರಿದರು. ಬಳೆಗಾರನೂ ಪಾತ್ರೆಯವನೂ ಬಂದ ಬಾಗಿಲಿಗೇ ಕಾದಂಬರಿಕಾರನೂ ಬಂದ! ಬರೆದವನೇ ಎದುರು ನಿಂತು 'ಇದನ್ನು ಓದಿ ನೋಡಿ' ಎಂದಾಗ ಕೊಳ್ಳುವವರಿಗೆ ಸಂಕೋಚವಾಗಿರಬೇಕು, ಮಾರುವವರಿಗೆ ಅದಕ್ಕಿಂತ ಹೆಚ್ಚು. 1942ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕಾದಂಬರಿಯೆಂದರೆ ಕನ್ನಡದಲ್ಲಿಯೂ ಸಿಗುತ್ತದೆ ಎಂಬುದು ಮನೆಮಾತಾಗಿತ್ತು.

ಧಾರವಾಡದಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ 1933ರಲ್ಲಿ ಆರಂಭವಾಯಿತು. ಚಂದಾದಾರರು ಹಣವನ್ನು ಮುಂಗಡವಾಗಿ ಕೊಡಬೇಕು, ಯಾವ ಪುಸ್ತಕ ಬರುತ್ತದೆಂಬುದು ಮಾಲೆಯವರ ಆಯ್ಕೆ. 'ರತ್ನನ ಪದಗಳು' ಖ್ಯಾತಿಯ ಜಿ.ಪಿ. ರಾಜರತ್ನಂ ತಮ್ಮನ್ನು 'ಸಾಹಿತ್ಯ ಪರಿಚಾರಕ' ಎಂದು ಕರೆದುಕೊಂಡರು. ವಿದ್ಯಾರ್ಥಿಗಳಿಂದ ಬರೆಸಿ, ಅಚ್ಚು ಹಾಕಿಸಿ, ಮಾರಾಟಕ್ಕೂ ತಾವೇ ನಿಂತರು. ಪುಸ್ತಕಕ್ಕೆ ಬೆಲೆ ಕಟ್ಟುವವರ ಜತೆಗೆ ಅದನ್ನು ಬಡಿಸುವವರೂ ಬೇಕೆಂಬುದು ಆ ಹೆಸರಿನಲ್ಲೇ ಇದೆ.

ಮೈಸೂರಿನವರು ಇನ್ನೊಂದು ದಾರಿಯನ್ನೂ ಕಂಡುಕೊಂಡಿದ್ದರು. ಅದು ಜಗಳದ ದಾರಿ. 2025ರ ಸೆಪ್ಟೆಂಬರಿನಲ್ಲಿ ನಿಧನರಾದ ಎಸ್.ಎಲ್. ಭೈರಪ್ಪನವರ ಹೊಸ ಕಾದಂಬರಿ ಬಂದಾಗಲೆಲ್ಲ ಒಂದೇ ಮನೆಯಲ್ಲಿ ಅಪ್ಪ ಹೊಗಳುವುದು, ಮಗಳು ತೆಗಳುವುದು, ನಡುವೆ ಅಮ್ಮ ಸದ್ದಿಲ್ಲದೆ ಓದಿ ಮುಗಿಸುವುದು ನಡೆಯುತ್ತಿತ್ತು. 'ಅದನ್ನು ಓದಲೇಬೇಡ' ಎಂಬುದಕ್ಕಿಂತ ಬಲವಾದ ಶಿಫಾರಸು ಇನ್ನಾವುದಿದೆ?

ಇನ್ನು ಸರ್ಕಾರಿ ಗ್ರಂಥಾಲಯಗಳ ಮಾತು. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಬರೆದರು. ಪ್ರತಿ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕು ಎಂಬುದು ಅವುಗಳಲ್ಲಿ ಒಂದು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಮತ್ತೊಂದು. ಎರಡನೆಯದನ್ನು ಬೀರು ಮಾಡಲಾರದು, ಮನುಷ್ಯನೇ ಮಾಡಬೇಕು. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದು 1965ರಲ್ಲಿ. ಅದರಂತೆ ಆಸ್ತಿ ತೆರಿಗೆಯ ಜತೆಗೆ ನೂರಕ್ಕೆ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಹೆಬ್ಬಾಳದಲ್ಲಿ ಮನೆಗಂದಾಯ ಕಟ್ಟುವವರು ರಸೀದಿ ನೋಡಿಕೊಳ್ಳಬಹುದು. ಪುಸ್ತಕ ಮುಟ್ಟದವರೂ ಪುಸ್ತಕಕ್ಕೆ ಹಣ ಕೊಟ್ಟಿದ್ದಾರೆ. ವಸೂಲಾದ ಕರವನ್ನು ನಗರಾಡಳಿತಗಳು ಗ್ರಂಥಾಲಯ ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಳ್ಳುತ್ತವೆಂಬುದು ಹಳೆಯ ದೂರು, ತೀರದ ದೂರು.

ಕರವೂ ಇಲ್ಲದೆ ಕಾಯಿದೆಯೂ ಇಲ್ಲದೆ ಗ್ರಂಥಾಲಯ ನಡೆಸಿದವರು ಇದೇ ಊರಿನ ರಾಜೀವನಗರದಲ್ಲಿದ್ದಾರೆ. ಸೈಯದ್ ಇಸಾಕ್ ಕೂಲಿ ಕೆಲಸ ಮಾಡಿ ಬದುಕಿದವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಮಗೆ ಒಲಿಯದ ಅಕ್ಷರ ಬಡಾವಣೆಯ ಬೇರೆಯವರಿಗಾದರೂ ಒಲಿಯಲಿ ಎಂದು 2011ರಲ್ಲಿ ಒಂದು ಪುಸ್ತಕಾಲಯ ತೆರೆದರು. ದಾನವಾಗಿ ಬಂದ ಪುಸ್ತಕಗಳು ಸುಮಾರು 11,000ಕ್ಕೆ ಏರಿದವು, ಬಹುಪಾಲು ಕನ್ನಡದವು. ಗೀತೆ, ಕುರಾನು, ಬೈಬಲ್ಲು ಒಟ್ಟಿಗೇ ಇದ್ದವು. ದಿನಪತ್ರಿಕೆಗಳಿಗೆ ಕೈಯಿಂದ ಹಣ ಹಾಕುತ್ತಿದ್ದರು. 2021ರ ಏಪ್ರಿಲ್ 9ರ ನಸುಕಿನಲ್ಲಿ ಆ ಪುಸ್ತಕಾಲಯ ಬೆಂಕಿಗೆ ಸಿಕ್ಕಿ ಬೂದಿಯಾಯಿತು.

ಇಲ್ಲೊಂದು ಸಂಗತಿ ಗಮನಿಸಬೇಕು. ಇಸಾಕ್ ಒಂದು ಪುಸ್ತಕವನ್ನೂ ಓದಿ 'ಚೆನ್ನಾಗಿದೆ' ಎಂದು ಹೇಳಲಾರದವರು. ಆದರೂ ದಿನದ ಕೂಲಿಯಲ್ಲಿ ಪಾಲು ತೆಗೆದಿಟ್ಟು ಓದಿಗೆ ಜಾಮೀನು ನಿಂತರು. ಬೆಂಕಿಯ ಸುದ್ದಿ ಹರಡಿದಾಗ ದೇಶದ ಮೂಲೆಮೂಲೆಯಿಂದ ಹಣವೂ ಪುಸ್ತಕವೂ ಹರಿದುಬಂದದ್ದು ಆ ಮಾತಿಗೆ ಸಿಕ್ಕ ಬೆಲೆ. ಸುಟ್ಟ ಪುಸ್ತಕಗಳ ಜಾಗಕ್ಕೆ ಪುಸ್ತಕಗಳು ಬರಬಲ್ಲವು. ಪುಟದ ಅಂಚಿನಲ್ಲಿ ಯಾರೋ ಎಳೆದ ಗೀಟು, ರಕ್ಷಾಪುಟದ ಒಳಗೆ ದಾನಿ ಬರೆದ ಹೆಸರು ಬರಲಾರವು.

ಈಗ ಹೆಬ್ಬಾಳಕ್ಕೆ ಬರೋಣ. ಬೆಂಗಳೂರಿನ ಹೆಬ್ಬಾಳವಲ್ಲ, ಮೈಸೂರಿನದು ಎಂದು ಪ್ರತಿ ಸಲವೂ ಬಿಡಿಸಿ ಹೇಳಬೇಕಾದ ಊರಿದು. ಒಂದು ಕಡೆ ಕೈಗಾರಿಕಾ ಪ್ರದೇಶ, ಪಾಳಿ ಮುಗಿಸಿ ಬರುವ ಕಾರ್ಮಿಕರು. ಇನ್ನೊಂದು ಕಡೆ ಇನ್ಫೊಸಿಸ್ ತರಬೇತಿ ಕೇಂದ್ರ, ಹತ್ತಾರು ರಾಜ್ಯಗಳಿಂದ ಬಂದ ಹುಡುಗ ಹುಡುಗಿಯರು. ಪಕ್ಕದ ಮನೆಯವರ ಭಾಷೆ ಒಡಿಯಾ ಇರಬಹುದು, ಮಲಯಾಳಂ ಇರಬಹುದು. ಅವರಿಗೆ ಯಾವ ಕನ್ನಡ ಪುಸ್ತಕ ಹೇಳುವುದು ಎಂದು ಹತ್ತು ವರ್ಷದ ಹಿಂದೆ ತಲೆ ಕೆರೆದುಕೊಳ್ಳಬೇಕಿತ್ತು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅದೇ ವರ್ಷ ಬಾನು ಮೈಸೂರು ದಸರಾ ಉದ್ಘಾಟಿಸಿದರು. ಒಡಿಯಾ ನೆರೆಯವರಿಗೆ ಅದನ್ನು ಕೊಡಬಹುದು, ಬದಲಿಗೆ ಫಕೀರ ಮೋಹನ ಸೇನಾಪತಿಯ ಕಾದಂಬರಿಯೊಂದನ್ನು ಕೇಳಿ ಪಡೆಯಬಹುದು. ಲಂಡನ್ನಿನ ತೀರ್ಪುಗಾರರು ಹೇಳುವ ಮೊದಲೇ ಬಾನು ಅವರ ಕಥೆಗಳನ್ನು ಓದಿದ್ದ ಕನ್ನಡಿಗರು ಬೇಕಾದಷ್ಟಿದ್ದರು. ಅವರೆಲ್ಲ ಪಕ್ಕದವರಿಗೆ ಹೇಳಿದ್ದರೇ ಎಂಬುದು ಬೇರೆ ವಿಚಾರ.

ಪರರ ಕೈ ಸೇರಿದ ಪುಸ್ತಕ ಮರಳಿ ಬಾರದು ಎಂದು ಎಚ್ಚರಿಸುವ ಹಳೆಯ ಸುಭಾಷಿತವೊಂದುಂಟು. ಅದು ಪೂರ್ತಿ ಸುಳ್ಳೇನಲ್ಲ. ಹೀಗಾಗಿ ಇಂದಿನ ಸಭೆಯಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇರಿಸಲಾಗಿದೆ. ಪುಸ್ತಕದ ಹೆಸರು, ಕೊಟ್ಟವರು, ಒಯ್ದವರು, ಒಯ್ದ ದಿನ, ಇಷ್ಟನ್ನು ಬರೆದರೆ ಸಾಕು. ಕೊನೆಯಲ್ಲಿ ಒಂದು ಖಾಲಿ ಅಂಕಣವಿದೆ. 'ಯಾರಿಗೆ ಹೇಳಿದಿರಿ?' ಎಂಬುದು ಅದರ ತಲೆಬರಹ. ಇನ್ನು ಮುಂದಿನ ಸಾಲಿನವರಿಂದ ಆರಂಭಿಸೋಣ.