ಮನೆಯ ಮೂಲೆಗಳಲ್ಲಿ ಉಳಿದ ಕೃಷಿಯ ಅರಿವು

(ಬಳಗದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಲೆನಾಡಿನ ಹಳೆಯ ಮನೆಗಳ ಮಾತು ಬಂದಾಗ ನಾವು ಕಂಬಗಳ ಕೆತ್ತನೆಯನ್ನೋ ಹೆಬ್ಬಾಗಿಲಿನ ಅಂದವನ್ನೋ ನೆನೆಯುತ್ತೇವೆ. ಆದರೆ ಅಟ್ಟ, ಜಗಲಿ, ಬಚ್ಚಲು, ಹಿತ್ತಿಲುಗಳೆಂಬ ನಿತ್ಯದ ಜಾಗಗಳು ಬೇಸಾಯದ ಅಂಗಗಳೇ ಆಗಿದ್ದವು. ಅವುಗಳಿಗೆ ಅಂಟಿಕೊಂಡಿರುವ ನೆನಪುಗಳಲ್ಲಿ ಕೃಷಿಯ ಅರಿವೂ ಅಡಗಿದೆ ಎಂಬುದನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಮೊದಲು ಅಟ್ಟ. ನಮ್ಮ ಮನೆಯಲ್ಲಿ ಅಡುಗೆ ಒಲೆಯ ನೇರ ಮೇಲಿನ ಅಟ್ಟದಲ್ಲಿ ಅಜ್ಜಿ ಬೇಸಗೆ ತರಕಾರಿಗಳ ಬೀಜಗಳನ್ನು ಬೂದಿಯಲ್ಲಿ ಬೆರೆಸಿ, ಒಣ ಸೋರೆಬುರುಡೆಗಳಲ್ಲಿ ತುಂಬಿ ಇಡುತ್ತಿದ್ದರು. ಜಂತಿಗೆ ಬಾಳೆನಾರಿನಿಂದ ಕಟ್ಟಿದ ಮೊಗೆಕಾಯಿಗಳು ತೂಗುತ್ತಿದ್ದವು. ಮಳೆಗಾಲ ಮುಗಿಯುವವರೆಗೆ ಆ ಒಲೆ ಆರಬಾರದೆಂಬುದು ಅಜ್ಜಿಯ ಕಟ್ಟಪ್ಪಣೆ. ಮುಂದೆ ಬೀಜವಿಜ್ಞಾನದ ತರಗತಿಯಲ್ಲಿ ಹ್ಯಾರಿಂಗ್ಟನ್ ನಿಯಮವನ್ನು ಓದಿದೆ. ಬೀಜದ ತೇವಾಂಶ ಶೇ. 14ರಿಂದ 5ರವರೆಗೆ ಇಳಿಯುವಾಗ, ಪ್ರತಿ ಶೇ. 1ರ ಇಳಿಕೆಗೆ ಅದರ ಬಾಳಿಕೆ ಸುಮಾರು ಇಮ್ಮಡಿಯಾಗುತ್ತದೆ. ಅಜ್ಜಿಯ ಅಪ್ಪಣೆಗೆ ನನಗೆ ದೊರೆತ ವ್ಯಾಖ್ಯಾನ ಅದೇ.

ಜಗಲಿಯಲ್ಲಿ ಕುಳಿತು ಅಜ್ಜ, ಅಡಿಕೆಗೊನೆಗಳಿಗೆ ಕೊಟ್ಟೆ ಹೆಣೆಯುತ್ತಿದ್ದ ದಿನಗಳನ್ನು ವರ್ಣಿಸುತ್ತಿದ್ದರು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಅಧ್ಯಯನವನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪರಣೆ ನಮ್ಮ ತೋಟಗಳಿಗೆ ಬಂದುದು ಅವರಿಂದ. ಗೊನೆಯನ್ನು ಮಳೆಯಿಂದ ಮರೆಮಾಡುವ ಕೊಟ್ಟೆ ಅದಕ್ಕೂ ಹಿಂದಿನದು. ಇನ್ನು ಬಚ್ಚಲಿನ ನೀರು ಹಿತ್ತಿಲಿನ ಬಸಳೆ ಚಪ್ಪರಕ್ಕೆ, ಕೆಸುವಿಗೆ, ಬಾಳೆಗೆ ಹರಿಯುತ್ತಿತ್ತು.

ಅಡುಗೆಮನೆಗೆ ಕಾಂಕ್ರೀಟು ತಾರಸಿ ಬಂದಾಗ ನಮ್ಮ ಅಟ್ಟ ಹೋಯಿತು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅಜ್ಜಿಯ ಮೊಗೆಕಾಯಿಯ ತಳಿಯೂ ಮನೆಯಿಂದ ಕಣ್ಮರೆಯಾಯಿತು. ಅಜ್ಜಿ ಅದನ್ನು ‘ತವರಿನ ಮೊಗೆ’ ಎನ್ನುತ್ತಿದ್ದರು. ಮದುವೆಯಾಗಿ ಬರುವಾಗ ಸೆರಗಿನಲ್ಲಿ ಕಟ್ಟಿ ತಂದ ಬೀಜವದು. ಆ ಹೆಸರನ್ನು ಬಿಟ್ಟರೆ ಅದರ ಬೇರಾವ ಗುರುತೂ ಉಳಿದಿಲ್ಲ.

ಹೊಗೆ ತುಂಬಿದ ಅಡುಗೆಮನೆಗೆ ಮರಳೋಣವೆಂದು ನಾನು ಹೇಳುತ್ತಿಲ್ಲ. ಆ ಹೊಗೆಯಲ್ಲಿ ಕೆಮ್ಮಿದವರು ನಮ್ಮ ತಾಯಂದಿರು. ಅಟ್ಟವಿಲ್ಲದ ಮನೆಯಲ್ಲಿಯೂ ಚೆನ್ನಾಗಿ ಒಣಗಿಸಿದ ಬೀಜವನ್ನು ಗಾಳಿಯಾಡದ ಭರಣಿಯಲ್ಲಿ ತಂಪಾದ ಕಡೆ ಕಾಪಾಡಬಹುದು. ಆದರೆ ಯಾವ ಬೀಜ, ಎಲ್ಲಿಂದ ಬಂತು, ಯಾವಾಗ ಬಿತ್ತುವುದು ಎಂಬುದನ್ನು ಭರಣಿ ಹೇಳಲಾರದು. ಅದು ಹಿರಿಯರ ನೆನಪಿನಲ್ಲಿದೆ. ಆ ನೆನಪು ಅಟ್ಟದ ಏಣಿಯ ಬಳಿ ನಿಂತಾಗ, ಬಚ್ಚಲ ಕಟ್ಟೆಯ ಮೇಲೆ ಕುಳಿತಾಗ ತಾನಾಗಿ ತೆರೆದುಕೊಳ್ಳುತ್ತದೆ. ರೈತರು ಉಳಿಸಿಕೊಂಡು ಬಂದ ತಳಿಗಳ ನೋಂದಣಿಗೆ 2001ರ ಸಸ್ಯತಳಿ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ ಕಾಯಿದೆ ಅವಕಾಶವಿತ್ತಿದೆ. ಆದರೆ ನೋಂದಾಯಿಸಲು ತಳಿ ಮೊದಲು ಉಳಿದಿರಬೇಕು.

ಆದ್ದರಿಂದ ನನ್ನ ವಿನಂತಿ ಇಷ್ಟೆ. ಮನೆ ಕೆಡವುವ ಮುನ್ನ, ರಿಪೇರಿಗೆ ಕೈಹಾಕುವ ಮುನ್ನ, ಮನೆಯ ಹಿರಿಯರೊಡನೆ, ಮುಖ್ಯವಾಗಿ ಅಜ್ಜಿಯರೊಡನೆ, ಒಂದು ದಿನ ಕೋಣೆಯಿಂದ ಕೋಣೆಗೆ ನಡೆಯಿರಿ. ಇಲ್ಲಿ ಏನನ್ನಿಡುತ್ತಿದ್ದಿರಿ, ಯಾರು ಕೊಟ್ಟದ್ದು, ಈಗ ಯಾರ ಮನೆಯಲ್ಲಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಬೀಜ ಸಿಕ್ಕರೆ ಇನ್ನೆರಡು ಮನೆಗಳಿಗೆ ಹಂಚಿರಿ.