ರಟ್ಟಿನ ಪೆಟ್ಟಿಗೆ ಮತ್ತು ನಮ್ಮ ಸಂತೆಮಾಳ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಸಂತೆಮಾಳದಲ್ಲಿ ಹೊಸ ಮಾರುಕಟ್ಟೆ ಕಟ್ಟುವ ವಿಚಾರ ನಿಮಗೆಲ್ಲ ತಿಳಿದದ್ದೇ. ಅದರ ಬಣ್ಣದ ಚಿತ್ರವನ್ನು ನಾವೂ ನೋಡಿಬಂದೆವು. ಚಿತ್ರ ಚೆನ್ನಾಗಿದೆ. ಗಿಡಗಳಿವೆ, ನೆರಳಿದೆ, ಬಿಳಿ ಅಂಗಿಯವರು ಓಡಾಡುತ್ತಿದ್ದಾರೆ. ಮೂಟೆ ಹೊತ್ತವನು ಮಾತ್ರ ಒಬ್ಬನೂ ಇಲ್ಲ! 'ಒಪ್ಪಿಗೆಯೋ ಅಲ್ಲವೋ ಹೇಳಿ' ಎಂದು ಕೇಳಿದರು. ಏನೆಂದು ಹೇಳುವುದು? ಚಿತ್ರದೊಳಕ್ಕೆ ತಳ್ಳುಗಾಡಿ ನುಗ್ಗಿಸಿ ನೋಡಲು ಬರುತ್ತದೆಯೇ?

ಇದೇ ಇಕ್ಕಟ್ಟಿಗೆ ಸಿಕ್ಕ ಬೇರೊಂದು ನಾಡಿನ ಕಾರ್ಮಿಕರ ಸಂಗತಿಯನ್ನು ಇಲ್ಲಿ ಹೇಳಬೇಕು. ಸ್ವೀಡನ್, ಡೆನ್ಮಾರ್ಕ್ ಕಡೆಯ ಪತ್ರಿಕಾಲಯಗಳಲ್ಲಿ ಪುಟ ಕಟ್ಟುತ್ತಿದ್ದ ಮುದ್ರಣ ಕಾರ್ಮಿಕರು ಅವರು. ಸೀಸದ ಮೊಳೆಯ ಕಾಲ ಮುಗಿಯುತ್ತ ಬಂದಿತ್ತು. ಪುಟ ಕಟ್ಟುವ ಕೆಲಸವೂ ಕಂಪ್ಯೂಟರಿನ ಪಾಲಾಗುವುದೆಂದು ಕಾಣುತ್ತಿತ್ತು. ಯಂತ್ರ ಬೇಡವೆಂದು ಕುಳಿತರೆ ಅದು ಬರದೆ ಇರುವುದಿಲ್ಲ. ಸುಮ್ಮನಿದ್ದರೆ ಮಾಲೀಕನ ಲೆಕ್ಕದಂತೆ ಬರುತ್ತದೆ. ಆದುದರಿಂದ ಅವರ ಸಂಘಗಳು 1981ರಲ್ಲಿ ಸ್ಟಾಕ್‌ಹೋಮ್ ಮತ್ತು ಆರ್ಹುಸ್‌ನ ಸಂಶೋಧಕರೊಡನೆ ಸೇರಿ 'ಯುಟೋಪಿಯಾ' ಎಂಬ ಯೋಜನೆಯನ್ನು ಆರಂಭಿಸಿದವು. ನಮ್ಮ ಕೈಚಳಕವನ್ನು ಉಳಿಸುವ ಯಂತ್ರ ಹೇಗಿರಬೇಕು ಎಂಬುದೇ ಅವರ ಪ್ರಶ್ನೆ.

ಸಂಶೋಧಕರು ಮೊದಲು ತಮ್ಮ ಶಾಸ್ತ್ರದ ನಕ್ಷೆಗಳನ್ನು ತಂದು ಹರಡಿದರು. ಕಾರ್ಮಿಕರಿಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಪ್ಲೈವುಡ್, ಕಾಗದ, ರಟ್ಟುಗಳಿಂದ ಸುಳ್ಳು ಕಂಪ್ಯೂಟರು ಮಾಡಿದರು. ಪರದೆಯ ಮೇಲೆ ಸ್ಲೈಡು ಬಿಟ್ಟರು. ಕಾರ್ಮಿಕ ಅದರ ಮುಂದೆ ಕುಳಿತು ದಿನದ ಕೆಲಸ ಮಾಡಿದಂತೆ ಕೈಯಾಡಿಸಿದ. ತನಗೆ ಒಗ್ಗದ್ದನ್ನು ಕಿತ್ತುಹಾಕಿದ. ರಟ್ಟನ್ನು ಹರಿಯಲು ಯಾರಿಗೆ ಭಯ? ಲಕ್ಷಗಟ್ಟಲೆ ಹಣ ಕೊಟ್ಟು ತಂದ ಯಂತ್ರವನ್ನು 'ಸರಿಯಿಲ್ಲ' ಎನ್ನಲು ಎಷ್ಟು ಮಂದಿಗೆ ಬಾಯಿ ಬರುತ್ತದೆ?

ಒಂದು ಖಾಲಿ ಪೆಟ್ಟಿಗೆಯ ಮೇಲೆ 'ಮೇಜಿನ ಲೇಸರ್ ಪ್ರಿಂಟರ್' ಎಂದು ಬರೆದು ಇಟ್ಟಿದ್ದರು. ಒಳಗೆ ಗಾಳಿ! ಅಂಥ ಅಗ್ಗದ ಪ್ರಿಂಟರು ಮಾರುಕಟ್ಟೆಗೆ ಬಂದದ್ದು 1984-85ರ ಸುಮಾರಿಗೆ. ಆದರೂ ಆ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು, ಪ್ರೂಫು ಯಾರ ಕೈಗೆ ಯಾವಾಗ ಬರಬೇಕೆಂದು ಅವರು ಚರ್ಚಿಸಿದರು. ಪೆಟ್ಟಿಗೆ ಖಾಲಿ ಎಂಬುದನ್ನು ಯಾರೂ ಮುಚ್ಚಿಡಲಿಲ್ಲ. ನಮಗೆ ತೋರಿಸಿದ ಬಣ್ಣದ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ.

ಅವರಿಗೆ ಎಲ್ಲವೂ ಕೈಗೂಡಿತೆಂದು ಹೇಳಿದರೆ ನಿಮಗೆ ಮೋಸ ಮಾಡಿದಂತಾದೀತು. ಯೋಜನೆ 1985ರಲ್ಲಿ ಮುಗಿಯಿತು. ಅವರು ಬಯಸಿದ ವ್ಯವಸ್ಥೆ ಮಾರುಕಟ್ಟೆಯಲ್ಲಿ ನೆಲೆ ನಿಲ್ಲಲಿಲ್ಲ. ಇನ್ನೊಂದು ಕೊರತೆ ಅವರೇ ಮಾಡಿಕೊಂಡದ್ದು. ಪುಟದ ಮೇಲೆ ಪತ್ರಕರ್ತರ ಕೈಯೂ ಇರುತ್ತದಷ್ಟೆ. ಅವರ ಸಂಘ ಈ ಯೋಜನೆಯಲ್ಲಿ ಪಾಲುದಾರನಾಗಿರಲಿಲ್ಲ. ಯಾರ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂಬ ತಕರಾರು ಹಾಗೆಯೇ ಉಳಿಯಿತು.

ನಮ್ಮಲ್ಲೂ ಮೊಳೆ ಜೋಡಿಸುವವರಿದ್ದರು. ಕಂಪ್ಯೂಟರ್ ಬಂದಾಗ ಅವರನ್ನು ಯಾರೂ ಏನೂ ಕೇಳಲಿಲ್ಲ. ಒಂದು ರಟ್ಟಿನ ಪೆಟ್ಟಿಗೆಯನ್ನೂ ಅವರ ಮುಂದೆ ಇಡಲಿಲ್ಲ.

ಈಗ ನಮ್ಮ ಮಾತಿಗೆ ಬರೋಣ. ಚಿತ್ರದಲ್ಲಿರುವ ಅಳತೆಗಳನ್ನು ನಾವು ಬರೆದುಕೊಂಡಿದ್ದೇವೆ. ಬರುವ ಭಾನುವಾರ ಬೆಳಿಗ್ಗೆ ಅದೇ ಮಾಳದಲ್ಲಿ ಸುಣ್ಣದ ಪುಡಿಯಿಂದ ಮಳಿಗೆಗಳ ಗೆರೆಗಳನ್ನು ನಿಜವಾದ ಅಳತೆಗೇ ಎಳೆಯೋಣ. ಗೋಡೆಯ ಬದಲು ಹಗ್ಗ ಸಾಕು. ತಕ್ಕಡಿ ಇಡಿ, ಮೂಟೆ ಇಳಿಸಿ, ಎರಡು ಗಾಡಿ ಎದುರುಬದುರಾಗಲಿ. ರಾತ್ರಿ ಪಾಳಿ ಬಿಟ್ಟು ಬರುವ ಗಿರಣಿಯವರು ಎಂದಿನಂತೆ ಅದೇ ದಾರಿಯಲ್ಲಿ ನಡೆಯಲಿ. ಸಿಕ್ಕಿಕೊಂಡ ಕಡೆ ಗೆರೆ ಅಳಿಸಿ ಬೇರೆ ಎಳೆಯೋಣ. ಮಳೆನೀರು ಎಲ್ಲಿ ನಿಲ್ಲುತ್ತದೆಂದು ಸುಣ್ಣದ ಗೆರೆ ಹೇಳದು. ಅದನ್ನೂ ಚೀಟಿಯಲ್ಲಿ ಬರೆದೇ ಕಛೇರಿಗೆ ಕೊಡೋಣ.

ನಮ್ಮದೂ ಒಂದು ತಪ್ಪಾಗಿದೆ. ಈ ಸಭೆಗೆ ಮಳಿಗೆಯವರನ್ನು ಕರೆದೆವು, ಗಿರಣಿಯವರನ್ನು ಕರೆದೆವು. ನೆಲದ ಮೇಲೆ ಗೋಣಿಚೀಲ ಹಾಸಿ ಸೊಪ್ಪು ಮಾರುವ ಅಕ್ಕಂದಿರನ್ನೂ ಹಮಾಲರನ್ನೂ ಕರೆಯಲು ಮರೆತೆವು. ಚಿತ್ರ ಬರೆದವನು ಮರೆತದ್ದೂ ಅವರನ್ನೇ. ನಾಳೆ ನಸುಕಿಗೆ ಸೊಪ್ಪಿನ ಗಾಡಿ ಬರುವ ಹೊತ್ತಿಗೆ ನಾವು ಅಲ್ಲಿಗೆ ಹೋಗಿ ಅವರಿಗೆ ಹೇಳುತ್ತೇವೆ. ನಮ್ಮೊಡನೆ ಇಬ್ಬರು ಬನ್ನಿ. ಸುಣ್ಣ ಯಾರು ತರುತ್ತೀರಿ, ಹಗ್ಗ ಯಾರು ತರುತ್ತೀರಿ, ಏಳುವ ಮೊದಲು ಹೆಸರು ಬರೆಸಿ.